ದೋಣಿಯಿಂದ ಎದ್ದು ಹೋದ ಮಾವ

ಹಳೇಬೀಡಿನ ದೇವಸ್ಥಾನದ ಹೊರಗೋಡೆಯಲ್ಲಿ ಶಿಲ್ಪಿಗಳು ಕೆತ್ತದೆ ಬಿಟ್ಟ ಪ್ರಾಣಿ ಒಂದೇ, ಅದು ನಮ್ಮ ಮಾವ. ಕೆಳಗಿನಿಂದ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಎಲ್ಲಕ್ಕೂ ಮೇಲೆ ಹಂಸ ಎಂದು ಸಾಲು ಬಿಡದೆ ಕೆತ್ತಿದವರು ಇವರನ್ನು ಒಮ್ಮೆ ಕಂಡಿದ್ದರೆ ಇನ್ನೊಂದು ಸಾಲು ಹಾಕದೆ ಇರುತ್ತಿರಲಿಲ್ಲ: ಹುಬ್ಬು ಗಂಟಿಕ್ಕಿ, ಮಡಿಸಿದ ಕೊಡೆ ಎತ್ತಿ ಹಿಡಿದು, ಪ್ರವಾಸಿಗರನ್ನು ಗದರುತ್ತಿರುವ ಗೈಡು. ಇಷ್ಟೊಂದು ಆನೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎಂದು ಮಾವ ಜೀವಮಾನವಿಡೀ ಹೇಳಿಕೊಂಡು ಬಂದಿದ್ದಾರೆ. ಅವರ ಕೋಪಗಳೂ ಹಾಗೆಯೇ.

ಈ ಮಾವ ನನ್ನ ಸೋದರತ್ತೆಯ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಬಸ್ಸಿಗೇ ಅರಸೀಕೆರೆಯಲ್ಲಿ ಬಂದಿಳಿದು ನಮ್ಮ ಮನೆ ಬಾಗಿಲು ಬಡಿಯುತ್ತಾರೆ. ನಾನು ಇಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಅದೂ ಅವರಿಗೊಂದು ಸಿಟ್ಟು. “ನೀನು ಫ್ಯಾನ್ ಕೆಳಗೆ ಕೂತು ಓದಿದ್ದು ಇತಿಹಾಸ ಕಣೇ. ನಾನು ಬಿಸಿಲಲ್ಲಿ ನಿಂತು ಹೇಳಿದ್ದು. ಯಾರ ಕಾಲು ನೋಯುತ್ತೆ ಹೇಳು?” ಎನ್ನುತ್ತಾರೆ. ಅವರ ಬಗ್ಗೆ ನಗುತ್ತಾ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಮೊದಲು ಬರುವುದು ಸಿಟ್ಟೇ. ಇದು ಅಂಟುಜಾಡ್ಯ ಇರಬೇಕು.

“ಎಷ್ಟು ಹೊತ್ತಾಗುತ್ತೆ ಸರ್?” ಎಂದು ಯಾರಾದರೂ ಕೇಳಿದರೆ ಮುಗಿಯಿತು. “ಕಟ್ಟೋಕೆ ತಲೆಮಾರುಗಳೇ ಹಿಡಿದಿವೆ. ನಿಮಗೆ ನೋಡೋಕೆ ಎಷ್ಟು ಬೇಕು, ನೀವೇ ಹೇಳಿಬಿಡಿ” ಎನ್ನುತ್ತಾರೆ. ಮಕರದ ಸಾಲಿಗೆ ಬಂದಾಗ ಒಬ್ಬ ಆಕಳಿಸಿದನೆಂದು ಇಡೀ ಗುಂಪನ್ನು ಮೊದಲನೇ ಆನೆಗೆ ವಾಪಸ್ ಕರೆದುಕೊಂಡು ಹೋದದ್ದಿದೆ. ಆದರೆ ಇವೆಲ್ಲ ಸಣ್ಣ ಕೋಪಗಳು. ದೊಡ್ಡ ಕೋಪ ಬರಿಸಲು ಒಂದೇ ಮಾತು ಸಾಕು: “ಬೇಲೂರೇ ಇನ್ನೂ ಚೆನ್ನಾಗಿತ್ತಪ್ಪ.” ಹಾಗೆಂದ ಒಂದು ಸಂಸಾರವನ್ನು ಮಾವ ನಂದಿಯ ಮುಂದೆ ನಿಲ್ಲಿಸಿ, ಕೊಡೆ ಮಡಿಸಿ, ಒಂದು ಮಾತೂ ಆಡದೆ ಹೊರಟುಹೋದರು. ಅವರು ಇನ್ನೇನೋ ತೋರಿಸಲು ಕರೆದುಕೊಂಡು ಹೋಗುತ್ತಿದ್ದಾರೆಂದು ಆ ಸಂಸಾರ ಗೇಟಿನವರೆಗೂ ಹಿಂಬಾಲಿಸಿತಂತೆ.

ಈ ಹೊರಟುಹೋಗುವುದೇ ಮಾವನ ನಿಜವಾದ ಗುಣ. ಬೇರೆಯವರಿಗೆ ಕೋಪ ಬಂದರೆ ಕೂಗುತ್ತಾರೆ, ಪಾತ್ರೆ ಎಸೆಯುತ್ತಾರೆ. ಇವರು ಮೊದಲು ಕೂಗುತ್ತಾರೆ, ಕೋಪ ಅದಕ್ಕೂ ಮೇಲೇರಿದರೆ ಎದ್ದು ನಡೆಯುತ್ತಾರೆ. ಎಲ್ಲಿಗೆ? ಪಕ್ಕದ ಬಸ್ತಿಹಳ್ಳಿಗೆ. ಅಲ್ಲಿನ ಬಸದಿಯಲ್ಲಿ ಕನ್ನಡಿಯ ಹಾಗೆ ನುಣುಪಾದ ಕಂಬಗಳಿವೆ. ಅವುಗಳಲ್ಲಿ ತಮ್ಮ ಮುಖ ನೋಡಿಕೊಂಡು ಬರುತ್ತಾರೆ. ನೋಡಿಕೊಂಡ ಮೇಲೆ ಕೋಪ ಇನ್ನಷ್ಟು ಹೆಚ್ಚಾಗಿರುತ್ತದೆ.

ಮಾದಿಹಳ್ಳಿಯ ಒಂದು ಮದುವೆಯಲ್ಲಿ ಪಕ್ಕದ ಎಲೆಯವರು ಯಾರೋ, “ಗೈಡ್‌ಗಳು ಹೇಳೋದರಲ್ಲಿ ಅರ್ಧ ಸುಳ್ಳೇ ಬಿಡಿ” ಎಂದರು. ಮಾವ ಊಟದ ಎಲೆಯಿಂದ ಎದ್ದವರು ಗದ್ದೆ ಬದುವಿನ ಮೇಲೆ ಹಳೇಬೀಡಿಗೆ ನಡೆದೇ ಬಂದರು. ಅತ್ತೆ ಇಬ್ಬರ ಪಾಲಿನ ಪಾಯಸವನ್ನೂ ತಿಂದು ಬಸ್ಸಿನಲ್ಲಿ ಬಂದರು. ಹಾಗೆಂದು ನನ್ನ ನೆನಪು. ಅವತ್ತು ಪಾಯಸ ಇರಲೇ ಇಲ್ಲ, ಹೋಳಿಗೆ ಎಂದು ಅತ್ತೆ ಹೇಳುತ್ತಾರೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕಹಿಯನ್ನು ಅದು ಇದ್ದ ಹಾಗೇ ಇಟ್ಟುಕೊಳ್ಳುತ್ತದೆ, ಸಿಹಿಯನ್ನು ಮಾತ್ರ ಬೇಕಾದ ಹಾಗೆ ಬದಲಾಯಿಸುತ್ತದೆ.

ಹಂಪಿಯ ಕಥೆಯನ್ನು ಮಾತ್ರ ಅತ್ತೆ ಪ್ರತಿ ಸಲವೂ ಒಂದೇ ರೀತಿ ಹೇಳುತ್ತಾರೆ. ಗಂಡ ಹೆಂಡತಿ ಇಬ್ಬರೇ ಹೋಗಿದ್ದ ಪ್ರವಾಸ ಅದು. ಅಲ್ಲಿ ಯಾವುದೋ ಗೈಡು ಏನೋ ತಪ್ಪು ಹೇಳಿದ. ಮಾವ ತಿದ್ದಿದರು. ಅವನು ರೇಗಿದ, ಇವರು ಅವನಿಗಿಂತ ಜೋರಾಗಿ ರೇಗಿ, ಅವನ ಗುಂಪನ್ನೇ ಕಿತ್ತುಕೊಂಡು ವಿವರಿಸುತ್ತಾ ಮುಂದೆ ನಡೆದರು. ಅತ್ತೆಯ ಚಪ್ಪಲಿ ಅಷ್ಟರಲ್ಲಿ ಕಿತ್ತುಹೋಗಿತ್ತು. ಒಂದು ಮಂಟಪದ ನೆರಳಲ್ಲಿ ಕೂತರು. ಮಾವ ಒಂದರ ನಂತರ ಒಂದು ಗುಡಿ ತೋರಿಸಿ, ಚಪ್ಪಾಳೆ ತಟ್ಟಿಸಿಕೊಂಡು, ಆ ಗುಂಪಿನ ವ್ಯಾನಿನಲ್ಲೇ ಲಾಡ್ಜಿಗೆ ಹೋದರು. ಲಾಡ್ಜಿನವನು, “ಅಮ್ಮಾವರು ಬರ್ಲಿಲ್ವಾ ಸಾರ್?” ಎಂದು ಕೇಳಿದಾಗ ತಾನೇ ಅವರಿಗೆ ಹೆಂಡತಿ ನೆನಪಾದದ್ದು! ಅರ್ಧ ಗಂಟೆ ಅಷ್ಟೇ ಎಂದು ಮಾವ ಹೇಳುತ್ತಾರೆ. ಬಿಸಿಲು ಮಂಟಪದ ಈ ಕಡೆಯಿಂದ ಆ ಕಡೆಗೆ ಹೋಯಿತು ಎಂದು ಅತ್ತೆ ಹೇಳುತ್ತಾರೆ. ಯಾರ ಲೆಕ್ಕ ಸರಿಯೋ ನನಗೆ ಗೊತ್ತಿಲ್ಲ. ಆದರೆ ಕಾದವರ ಗಡಿಯಾರ ಬೇರೆ.

ಇಂಥ ಅತ್ತೆ ಹೋದ ವರ್ಷ ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಹೊನ್ನಾವರದ ಹತ್ತಿರ ನದಿ ಸಮುದ್ರ ಸೇರುವಲ್ಲಿ ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಕಾಡು, ಅದರೊಳಗೆ ಕಯಾಕ್ ಎಂಬ ಉದ್ದನೆಯ ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗುವ ಜನ. ಅರ್ಧ ದಿನದ ಪ್ರವಾಸ, ಗೈಡ್ ಜೊತೆ. ನನಗೆ ಫೋನ್ ಮಾಡಿ, “ಇದಕ್ಕೆ ಬುಕ್ ಮಾಡು. ನಾನು, ನಿಮ್ಮ ಮಾವ, ನೀನು” ಎಂದರು.

“ಗೈಡ್ ಜೊತೆನಾ ಅತ್ತೆ?”

“ಅದಕ್ಕೇ ಕಣೇ. ಕೊನೇ ಸಲ ನೋಡೇಬಿಡ್ತೀನಿ.”

ಹೊರಡುವ ದಿನ ಇಬ್ಬರೂ ಹಳೇಬೀಡಿನಿಂದ ನಮ್ಮ ಮನೆಗೆ ಬಂದರು. ಅರ್ಧ ದಿನದ ಪ್ರವಾಸಕ್ಕೆ ಅತ್ತೆ ದೊಡ್ಡ ಸೂಟ್‌ಕೇಸ್ ತಂದಿದ್ದರು. ತೆಗೆದು ನೋಡಿದರೆ ಸೀರೆಗಳು, ಹೊದಿಕೆ, ಅವುಗಳ ಮಧ್ಯೆ ಟವೆಲ್ ಸುತ್ತಿದ ಹಿತ್ತಾಳೆಯ ಕಾಫಿ ಫಿಲ್ಟರು. ನಮ್ಮ ಕಡೆಯ ಹೆಂಗಸು ಸಿಟ್ಟು ಮಾಡಿಕೊಂಡು ತವರಿಗೆ ಬಂದರೆ ಎರಡು ದಿನಕ್ಕೆ ವಾಪಸ್ ಹೋಗುತ್ತಾಳೆ. ಫಿಲ್ಟರ್ ತಂದವಳು ಹೋಗುವುದಿಲ್ಲ.

ಅತ್ತೆ ಸೂಟ್‌ಕೇಸನ್ನು ನನ್ನ ಮಂಚದ ಕೆಳಗೆ ತಳ್ಳಿ, ಮಾವನ ಮುಂದೆ ನಿಂತು ಹೇಳಿದರು: “ನೋಡ್ರೀ, ಅಲ್ಲಿ ಗೈಡ್ ಏನೇ ಹೇಳಲಿ, ನೀವು ಬಾಯಿ ಬಿಡಬಾರದು. ಕೋಪ ಬಂತು ಅಂತ ನನ್ನ ಬಿಟ್ಟು ಎದ್ದು ಹೋಗಬಾರದು. ಹೋದರೆ ನಾನು ವಾಪಸ್ ಬಂದು ಇಲ್ಲೇ ಅಣ್ಣನ ಮನೇಲಿ ಇದ್ದುಬಿಡ್ತೀನಿ. ಹಳೇಬೀಡಿಗೆ ನೀವೊಬ್ಬರೇ ಹೋಗಿ.”

“ಹೋಗ್ತೀನಿ ಬಿಡು. ದಾರಿ ಗೊತ್ತಿಲ್ವಾ ನಂಗೆ?” ಎಂದರು ಮಾವ. ಅಪ್ಪ ಪೇಪರಿನ ಹಿಂದೆ ಇನ್ನೂ ಸ್ವಲ್ಪ ಕೆಳಗೆ ಸರಿದರು.

ತಾಳಗುಪ್ಪದವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಬಸ್ಸು. ನದಿಯ ದಂಡೆಯಲ್ಲಿ ನಮ್ಮ ಗೈಡ್ ಕಾದಿದ್ದರು. ಗಿರಿಜಾ ಎಂದು ಹೆಸರು, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ನನಗೊಂದು ದೋಣಿ, ಅವರಿಗೊಂದು, ಅತ್ತೆ ಮಾವನಿಗೆ ಸೇರಿ ಒಂದು. ಮುಂದೆ ಅತ್ತೆ, ಹಿಂದೆ ಮಾವ. ಲೈಫ್ ಜಾಕೆಟ್ ಬಿಗಿದ ಮೇಲೆ ಮಾವ ಹಾಸಿಗೆ ಸುತ್ತಿ ಕಟ್ಟು ಬಿಗಿದ ಹೋಲ್ಡಾಲಿನ ಹಾಗೆ ಕಾಣುತ್ತಿದ್ದರು. ಜಾಕೆಟ್ಟಿಗೆ ಎದೆಯ ಹತ್ತಿರ ಒಂದು ವಿಶಲ್ ಕಟ್ಟಿತ್ತು. “ಎಂತಾದ್ರೂ ತೊಂದರೆ ಆದ್ರೆ ಇದನ್ನ ಊದುದು. ಬಾಕಿ ಟೈಮಲ್ಲಿ ಮುಟ್ಟುದು ಬೇಡ” ಎಂದರು ಗಿರಿಜಾ. ಮಾವ ವಿಶಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ರೀತಿ ನನಗೆ ಸರಿಬರಲಿಲ್ಲ.

ಅತ್ತೆಗೆ ಈಜು ಬರುವುದಿಲ್ಲ. “ಹೆದರಿಕೆ ಆಗಲ್ವಾ ಅತ್ತೆ?” ಎಂದು ಮೆಲ್ಲಗೆ ಕೇಳಿದೆ.

“ಯಾಕೆ ಹೆದರಿಕೆ? ಇಬ್ಬರಿಗೂ ಒಂದೇ ದೋಣಿ. ಸುತ್ತ ನೀರು. ಇಲ್ಲಾದರೂ ನನ್ನ ಬಿಟ್ಟು ಅದು ಹೇಗೆ ಎದ್ದು ಹೋಗ್ತಾರೆ ನೋಡ್ತೀನಿ.”

ಆಗ ಅರ್ಥವಾಯಿತು. ಇವರಿಗೆ ನದಿಯೂ ಬೇಕಿರಲಿಲ್ಲ, ಕಾಡೂ ಬೇಕಿರಲಿಲ್ಲ. ಬೇಕಿದ್ದದ್ದು ಗಂಡ ಬಿಟ್ಟುಹೋಗಲಾಗದ ಒಂದು ಜಾಗ. ನೆಲದ ಮೇಲೆ ಅಂಥದ್ದು ಸಿಕ್ಕಿರಲಿಲ್ಲ.

ಹೊರಟ ಕೂಡಲೇ ಜಗಳ ಶುರುವಾಯಿತು. ಅತ್ತೆ ಎಡಕ್ಕೆ ಹುಟ್ಟು ಹಾಕಿದರೆ ಮಾವ ಬಲಕ್ಕೆ. ಹುಟ್ಟಿಗೆ ಹುಟ್ಟು ಬಡಿದು ದೋಣಿ ಇದ್ದಲ್ಲೇ ಸುತ್ತತೊಡಗಿತು. “ಪ್ರದಕ್ಷಿಣೆ ಸಾಕು, ಮುಂದೆ ಹೋಗ್ರೀ” ಎಂದರು ಅತ್ತೆ. ಮಾವ ಬಾಯಿ ತೆರೆದರು, ಷರತ್ತು ನೆನಪಾಗಿ ಮುಚ್ಚಿದರು. ಮುಚ್ಚಿದ ಬಾಯಿಗೆ ಕೆಲಸ ಬೇಕಲ್ಲ? ಗಿರಿಜಾ ಮೊದಲ ಮರ ತೋರಿಸಿ, “ಇದರ ಬೇರು ನೋಡಿ, ನೀರಿಂದ ಮೇಲೆ ಬಂದು ಉಸಿರಾಡ್ತದೆ” ಎಂದರು. ಪೀ ಎಂದು ವಿಶಲ್ ಕೇಳಿಸಿತು.

ಗಿರಿಜಾ ಗಾಬರಿಯಾಗಿ ತಿರುಗಿದರು. “ಎಂತ ಆಯ್ತು?”

ಮಾವ ಮೌನವಾಗಿ ಮರದ ಕಡೆ ಕೈ ತೋರಿಸಿ ತಲೆಯಾಡಿಸಿದರು. “ಎಲ್ಲರಿಗೂ ಕಾಣೋ ಹಾಗೆ ನಿಂತು ಹೇಳಬೇಕಂತೆ” ಎಂದು ಅತ್ತೆ ಅನುವಾದಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ವಿಶಲ್ಲೂ ಅರ್ಥವಾಗುತ್ತದೆ ಎಂದು ಕಾಣುತ್ತದೆ.

ಆಮೇಲೆ ಅದೇ ನಡೆಯಿತು. ಗಿರಿಜಾ ಬೇಗ ಹೇಳಿದರೆ ಒಂದು ವಿಶಲ್. ಹೇಳಿದ್ದನ್ನೇ ಹೇಳಿದರೆ ಎರಡು. ನಾನು ಫೋನ್ ತೆಗೆದು ಫೋಟೋ ಹೊಡೆದದ್ದಕ್ಕೆ ನನಗೊಂದು. ಕೊಕ್ಕರೆಗಳು ಹಾರಿಹೋದವು, ಏಡಿಗಳು ಬಿಲ ಸೇರಿದವು. ಅಷ್ಟು ಚೆಂದದ ಕಾಡಿನಲ್ಲಿ ನನಗೆ ಕಂಡದ್ದು ಮಾವನ ಉಬ್ಬಿದ ಕೆನ್ನೆಗಳು ಮಾತ್ರ. ಹಸಿರು ನೀರು, ಕಮಾನಿನ ಹಾಗೆ ಬಾಗಿದ ಕೊಂಬೆಗಳು ಎಂದೆಲ್ಲ ಆಮೇಲೆ ಬರೆದುಕೊಂಡಿದ್ದೇನೆ, ನಿಜ. ಅವು ನಾನು ನೋಡಿದ್ದೋ ಅತ್ತೆ ತೋರಿಸಿದ ವಿಡಿಯೋದಲ್ಲಿ ಇದ್ದದ್ದೋ ಹೇಳಲಾರೆ. ನನಗೆ ಬಂದಿದ್ದ ಸಿಟ್ಟು ಮಾತ್ರ ನನ್ನದೇ. ಆ ವಿಶಲನ್ನು ಕಿತ್ತು ನದಿಗೆ ಎಸೆಯಬೇಕು, ಜೊತೆಗೆ ಅದನ್ನು ಊದುವವರನ್ನೂ ಎನ್ನುವಷ್ಟು ಸಿಟ್ಟು.

ಕಾಲುವೆ ಕಿರಿದಾಯಿತು. ನೀರು ಇಳಿಯುತ್ತಿತ್ತು. ಎರಡೂ ಕಡೆ ಬೇರುಗಳು ಎದ್ದು ನಿಂತಿದ್ದವು. ನಾವು ಎಲ್ಲಿಂದ ಬಂದವರೆಂದು ಗಿರಿಜಾಗೆ ಗೊತ್ತಿರಲಿಲ್ಲ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ಈ ಬೇರು ನೋಡಿದ್ರೆ ನಂಗೆ ಬೇಲೂರು ದೇವಸ್ಥಾನದ ಕಂಬ ನೆನಪಾಗ್ತದೆ.”

ಮಾವ ಊದಿದ ಆ ವಿಶಲ್ ಸಮುದ್ರದವರೆಗೆ ಕೇಳಿಸಿರಬೇಕು.

ಅತ್ತೆ ಗಂಡನ ಪರವಾಗಿ, “ಹಳೇಬೀಡಿಗೆ ಹೋಗಿಲ್ವಾ ನೀವು?” ಎಂದು ಕೇಳಿದರು. ಕೇಳಬಾರದಿತ್ತು.

“ಇಲ್ಲ, ಟೈಮ್ ಆಗ್ಲಿಲ್ಲ. ಬೇಲೂರು ನೋಡಿದ್ರೆ ಅದೂ ನೋಡಿದ ಹಾಗೇ ಅಂತ ಹೇಳಿದ್ರು.”

ಮಾವ ಹುಟ್ಟನ್ನು ಮಡಿಲ ಮೇಲೆ ಇಟ್ಟರು, ಕೊಡೆ ಮಡಿಸಿಡುವ ಹಾಗೆ. ಮುಖ ಗಂಭೀರವಾಯಿತು. ಮಾದಿಹಳ್ಳಿಯ ಮದುವೆ, ನಂದಿಯ ಮುಂದಿನ ಸಂಸಾರ ಎಲ್ಲ ನನ್ನ ಕಣ್ಣ ಮುಂದೆ ಬಂತು. “ಮಾವ, ಬೇಡ” ಎಂದೆ. ಅಷ್ಟರಲ್ಲಿ ಅವರು ಎದ್ದಾಗಿತ್ತು. ನದಿಯ ನಡುವೆ, ದೋಣಿಯಲ್ಲಿ, ಬಸ್ತಿಹಳ್ಳಿಗೆ ಹೋಗಲು ಎದ್ದು ನಿಂತರು. ಒಂದು ಹೆಜ್ಜೆಯನ್ನೂ ಇಟ್ಟರು.

ದೋಣಿ ಮಗುಚಿತು. ಸೊಂಟದ ಮಟ್ಟದ ನೀರು, ಅದರ ಕೆಳಗೆ ಮೊಣಕಾಲವರೆಗೆ ಕೆಸರು. ಮಾವ ಈ ಕಡೆ ಎದ್ದರು, ಕನ್ನಡಕ ಇಲ್ಲ, ತಲೆಯ ತುಂಬ ಎಲೆ. ಅತ್ತೆ ಕಾಣಲಿಲ್ಲ. ದೋಣಿಯ ಹೊಟ್ಟೆ ಮೇಲಾಗಿ ಅವರಿಬ್ಬರ ನಡುವೆ ಅಡ್ಡ ನಿಂತಿತ್ತು. ಮಾವ ಕೂಗಲು ಬಾಯಿ ತೆರೆದರು. ದೇವಸ್ಥಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಕೇಳಿಸುವ ಆ ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ. ವಿಶಲ್ ಬಾಯಿಗಿಟ್ಟುಕೊಂಡು ಊದಿದರು. ಊದಿದರು, ಸುತ್ತ ಕೈಯಾಡಿಸಿ ಕೆಸರಲ್ಲಿ ತಡಕಿದರು, ಮತ್ತೆ ಊದಿದರು. ಅವತ್ತಿಡೀ ಅದನ್ನು ಸರಿಯಾಗಿ ಬಳಸಿದ್ದು ಅದೊಂದೇ ಸಲ.

ಗಿರಿಜಾ ದೋಣಿಯನ್ನು ಪಕ್ಕಕ್ಕೆ ಸರಿಸಿದಾಗ ಅತ್ತೆ ಅದರ ಹಿಂದೆಯೇ ಬೇರು ಹಿಡಿದು, ಕತ್ತಿನವರೆಗೆ ನೀರಲ್ಲಿ ಕೂತಿದ್ದರು. ಜಾಕೆಟ್ ಹಾಕಿದ್ದರಿಂದ ಏನೂ ಆಗಿರಲಿಲ್ಲ. ಚಪ್ಪಲಿ ಮಾತ್ರ ಈ ಸಲವೂ ಹೋಗಿತ್ತು.

“ಇಲ್ಲೇ ಇದ್ದೀನಿ ಕಣ್ರೀ. ನಿಲ್ಲಿಸಿ ಇನ್ನ.”

ಮಾವ ನಿಲ್ಲಿಸಲಿಲ್ಲ. ಅತ್ತೆಯ ಜಾಕೆಟ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನೂ ಎರಡು ಸಲ ಊದಿದರು.

“ಯಾಕೆ ಅತ್ತೆ, ಮೊದಲೇ ಕೂಗಬಾರದಾಗಿತ್ತಾ?” ಎಂದು ಆಮೇಲೆ ದಂಡೆಯಲ್ಲಿ ರೇಗಿದೆ.

“ಸ್ವಲ್ಪ ಹುಡುಕಲಿ ಅಂತ ಬಿಟ್ಟೆ” ಎಂದರು ಅತ್ತೆ ಸೀರೆ ಹಿಂಡುತ್ತಾ. “ಹಂಪೀಲಿ ನಾನು ಕೂತಿರಲಿಲ್ವಾ?”

ಷರತ್ತು ಷರತ್ತೇ. ಎದ್ದು ಹೋಗಬಾರದು ಎಂದಿತ್ತು, ಎದ್ದು ಹೋಗಿದ್ದರು. ಅರಸೀಕೆರೆಯಲ್ಲಿ ಇಳಿದು ಮನೆಗೆ ಬಂದೆವು. ಅತ್ತೆ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು, ಫಿಲ್ಟರ್ ತೆಗೆದು, ನಮ್ಮ ಅಡುಗೆಮನೆಯಲ್ಲಿ ಡಿಕಾಕ್ಷನ್ ಹಾಕಿದರು. ಅದನ್ನು ನೋಡಿ ಅಪ್ಪ ನನ್ನ ಮುಖ ನೋಡಿದರು. ಮಾವ ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದರು. “ಬರ್ತೀನಿ” ಎಂದರು ಗೋಡೆಗೆ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೆಸರಲ್ಲಿ ಅಷ್ಟು ತಡಕಿದ ಮನುಷ್ಯ ಒಂದು ಮಾತು ಕೇಳಬಾರದೇ? ಬಾ ಅನ್ನುವುದಕ್ಕೆ ಎಷ್ಟು ಅಕ್ಷರ ಬೇಕು? “ಇರಿ ಅತ್ತೆ, ಇಲ್ಲೇ ಇರಿ, ಒಬ್ಬರೇ ಅನುಭವಿಸಲಿ” ಎಂದೆ. ಅತ್ತೆ ಫಿಲ್ಟರನ್ನು ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು.

ಸ್ವಲ್ಪ ಹೊತ್ತಿಗೆ ನನ್ನ ಫೋನ್ ಬಂತು. ಮಾವ. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ.

“ಎಲ್ಲಿದ್ದೀರೇ ನೀವು? ಕಿಟಕಿ ಪಕ್ಕ ಸೀಟ್ ಹಿಡಿದಿದ್ದೀನಿ, ಟವೆಲ್ ಹಾಕಿದ್ದೀನಿ. ಬಸ್ ತುಂಬ್ತಾ ಇದೆ. ಇಲ್ಲಿ ಜಗಳ ಆಗ್ತಾ ಇದೆ. ಬೇಗ ಬರೋಕೆ ಹೇಳು ಅವಳಿಗೆ.”

ಅತ್ತೆಗೆ ಹೇಳಬೇಕಾಗಲಿಲ್ಲ. ಮಾವನ ಧ್ವನಿ ಫೋನಿನಿಂದ ಅಡುಗೆಮನೆಗೆ ತಾನೇ ತಲುಪಿತ್ತು. ಒದ್ದೆ ಫಿಲ್ಟರನ್ನು ಹಾಗೇ ಸೀರೆಗಳ ಮಧ್ಯೆ ತುರುಕಿ ಸೂಟ್‌ಕೇಸ್ ಮುಚ್ಚಿದರು. ನನ್ನ ಚಪ್ಪಲಿ ಹಾಕಿಕೊಂಡು ಹೊರಟರು.

ಅವತ್ತಿನ ಎಷ್ಟೋ ವಿಷಯಗಳ ಬಗ್ಗೆ ನನಗೆ ಅನುಮಾನವಿದೆ. ಇದರ ಬಗ್ಗೆ ಇಲ್ಲ. ನಾವು ಬಸ್ಸಿನ ಹತ್ತಿರ ಹೋದಾಗ ಮಾವ ಒಳಗೆ ಎದ್ದು ನಿಂತಿದ್ದರು, ಮುಖ ಕೆಂಪಾಗಿತ್ತು. ತೆಂಗಿನಕಾಯಿ ಚೀಲ ಹೊತ್ತ ಗಂಡಸಿ ಊರಿನ ಕಡೆಯ ಒಬ್ಬರು, “ಖಾಲಿ ಐತಲ್ಲ ಸ್ವಾಮಿ, ಕೂತ್ಕಂಡ್ರೆ ಏನು?” ಎಂದು ಕೇಳುತ್ತಿದ್ದರು. ಮಾವ ಕಿಟಕಿ ಪಕ್ಕದ ಬರೀ ಟವೆಲ್ ಹಾಸಿದ ಸೀಟಿಗೆ ಕೈ ಅಡ್ಡ ಹಿಡಿದು, ಬಸ್ಸಿಗೆಲ್ಲ ಕೇಳಿಸುವ ಹಾಗೆ ಗದರಿದರು:

“ಕಣ್ಣು ಕಾಣಲ್ವೇನ್ರೀ? ನಮ್ಮ ಮನೆಯವರು ಕೂತಿದ್ದಾರೆ ಇಲ್ಲಿ.”