ನರ್ಸ್ ಬೇಕ್ರಿ, ನಮ್ಮ ಮನಿ ಹುಡುಗಿ ಬ್ಯಾಡ್ರಿ

ದವಾಖಾನ್ಯಾಗ ಕೆಲಸ ಮಾಡೋವ್ರಿಗೆ ಬೆಳಗಾದ್ರ ಒಂದಿಲ್ಲೊಂದು ಫಜೀತಿ ಇದ್ದದ್ದ. ನೋಡೋವ್ರಿಗೆ ನಗಿ, ನನಗ ತಲಿಚಿಟ್ಟು.

ಆಗ ರೋಣದ ದವಾಖಾನಿಗೆ ನಾ ಒಬ್ಬಾಕಿನ ನರ್ಸ್. ನರಗುಂದದಾಗ ಹೆರಿಗಿ ಕಷ್ಟ ಆತು ಅಂದ್ರೂ ನಾನ, ಗಜೇಂದ್ರಗಡದಾಗ ಜ್ವರ ಬಂತು ಅಂದ್ರೂ ನಾನ. ಹೊಳೆಆಲೂರಿನ ಸಾಲಿ ಮಾಸ್ತರ ಒಬ್ಬರ ಜೋಡಿ ನನ್ನ ಲಗ್ನ ಗಟ್ಟಿ ಆಗಿತ್ತು. ಎರಡು ಸಲಾ ಮುಹೂರ್ತ ಇಟ್ರು, ಎರಡೂ ಸಲಾ ತಪ್ಪಿತು. ನಮ್ಮ ಡಾಕ್ಟರು, "ರಜಾ ಹ್ಯಾಂಗ ಕೊಡ್ಲಿ ನರ್ಸಬಾಯಿ? ನಿಮ್ಮ ಜಾಗಾದಾಗ ಯಾರನ್ನ ನಿಂದ್ರಸ್ಲಿ? ಒಬ್ಬ ಹುಡುಗೀನ ಹುಡುಕಿ ಕೊಡ್ರಿ, ಕೆಲಸ ಕಲಸೋಣು. ಆಮ್ಯಾಲೆ ಸುಖಾಲೆ ಲಗ್ನಾ ಮಾಡ್ಕೋರಿ" ಅಂದ್ರು.

ಮಂದಿ ವರಾ ಹುಡುಕಿ ಸಾಕಾಗಿ ಕೂಡ್ತಾರ. ನನಗ ವರಾ ತಯಾರಿದ್ದ, ನಾ ನರ್ಸ್ ಹುಡುಕಾಕ ಹೊಂಟೆ!

ನಮ್ಮ ಪೈಕಿ

ಅಬ್ಬಿಗೇರಿಯಿಂದ ಒಬ್ಬ ಅಮ್ಮ ಕಾಲಿಗೆ ಕುರು ಎದ್ದು ಬಂದಿದ್ಲು. ದೊಡ್ಡ ಒಕ್ಕಲುತನದ ಮನಿಯಾಕಿ, ಬಾಯಿನೂ ದೊಡ್ಡದು. ಸೂಜಿ ಮಾಡಾಕ ಹೋದ್ರ ಕೈ ಅಡ್ಡ ಹಿಡದು, "ತಡಿ ತಂಗಿ, ನೀ ಯಾವ ಪೈಕಿ?" ಅಂದ್ಲು.

"ಸೂಜಿ ಪೈಕಿ ಕೇಳೂದಿಲ್ಲ ಅಮ್ಮಾ, ಕಾಲು ನೀಡ್ರಿ."

"ಹಂಗಲ್ಲವ್ವಾ. ಸರಕಾರದವ್ರು ನಮ್ಮ ಪೈಕಿ ಒಬ್ಬಾಕಿನ್ನ ಇಡಬೇಕು. ನಮ್ಮಾಕಿ ಆದ್ರ ನಮಗ ಧೈರ್ಯ."

ಹಿಂದ ಕೂತ ನೇಕಾರ ಹೆಣ್ಣಮಗಳು, "ನಮ್ಮಾಕೀನೂ ಬೇಕ್ರಿ" ಅಂದ್ಲು. ಬಾಗಲದಾಗ ನಿಂತ ಸಾಬರು, "ನಮ್ಮ ಜನಾನಾದ ಹೆಣ್ಣಮಕ್ಕಳಿಗೂ ನಮ್ಮಾಕಿ ಇದ್ರ ಚಲೋ ನೋಡ್ರಿ" ಅಂದ್ರು. ನನಗ ಖರೇನ ಖುಷಿ ಆತು. ಎಲ್ಲಾ ಪೈಕಿ ಹುಡುಗ್ಯಾರೂ ಬಂದ್ರ ಅದಕ್ಕಿಂತ ಚಲೋ ಏನೈತಿ?

"ಅಮ್ಮಾ, ನಿಮ್ಮ ಮೊಮ್ಮಗಳು ಏಳನೇತ್ತೆ ಮುಲ್ಕಿ ಪರೀಕ್ಷಾ ಪಾಸಾಗ್ಯಾಳಂತಲ್ಲ, ಅಕಿನ್ನ ಕಳಸ್ರಿ" ಅಂದೆ. ಕುರು ಮರತು ಅಮ್ಮ ಎದ್ದು ನಿಂತ್ಲು.

"ಶಿವಶಿವಾ! ಮಂದಿ ಹೊಲಸು ಬಳ್ಯಾಕ ನಮ್ಮ ಹುಡುಗೀನಾ? ನಮ್ಮ ಬಾಜೂ ಮನ್ಯಾಗ ಒಬ್ಬಾಕಿ ಅದಾಳ, ಅಕಿನ್ನ ತಗೋ."

"ಬಾಜೂ ಮನಿಯವ್ರು ನಿಮ್ಮ ಪೈಕೀನ ಏನ್ರಿ?"

"ಯಾ ಪೈಕಿ ಆದ್ರೇನವ್ವಾ, ನರ್ಸ್ ಸಿಕ್ರ ಸಾಕಲ್ಲ!"

ಗಜೇಂದ್ರಗಡದ ಉಪ್ಪಿಟ್ಟು

ಗಜೇಂದ್ರಗಡದಾಗ ನೇಕಾರರ ಮನಿಯಾಗ ಕಲಿತ ಹುಡುಗಿ ಅದಾಳ ಅಂತ ಸುದ್ದಿ ಬಂತು. ಡಾಕ್ಟರು, ನಾನು ಕೂಡೇ ಹೋದ್ವಿ. ಡಾಕ್ಟರದಿನ್ನೂ ಲಗ್ನ ಆಗಿದ್ದಿಲ್ಲ, ನೋಡಾಕ ಲಕ್ಷಣಾಗಿದ್ರು. "ನಿಮ್ಮ ಹುಡುಗೀನ ನೋಡಾಕ ಬಂದೀವಿ" ಅಂದೆ ನೋಡ್ರಿ, ಮನಿಯಾಗಿನ ಮಗ್ಗ ಎಲ್ಲಾ ಗಪ್ ಆದ್ವು. ಜಮಖಾನಿ ಹಾಸಿದ್ರು, ಉಪ್ಪಿಟ್ಟು ಬಂತು, ಅವಲಕ್ಕಿ ಬಂತು. ಹುಡುಗಿ ಹೊಸಾ ಸೀರಿ ಉಟ್ಟು, ತಲಿಮ್ಯಾಲೆ ಸೆರಗು ಹೊತ್ತು ಬಂದು ಡಾಕ್ಟರಿಗೆ ನಮಸ್ಕಾರ ಮಾಡಿ ತಲಿ ಬಗ್ಗಿಸಿ ಕೂತ್ಲು. ನನಗ ಆಗಲೇ ಗೊತ್ತಾಗಬೇಕಿತ್ತು. ಹಸಿವ್ಯಾಗ ಉಪ್ಪಿಟ್ಟು ತಿನ್ನಾಕತ್ತಿದ್ದೆ.

ಡಾಕ್ಟರು ಗಂಭೀರಾಗಿ ಕೇಳಿದ್ರು, "ರಕ್ತಾ ನೋಡಿದ್ರ ಅಂಜಿಕಿ ಬರತೈತೇನು? ಯಾರರ ಒದರ್ಯಾಡಿದ್ರ, ಹೊಯ್ಕೊಂಡ್ರ, ಕೈಕಾಲು ಗಟ್ಟಿ ಹಿಡೀತೀ?"

ಹುಡುಗಿಯ ಅಪ್ಪ ಬೆವತು, ಮೆಲ್ಲಕ ನನ್ನ ಕಿವಿಯಾಗ ಕೇಳಿದ, "ನರ್ಸಬಾಯಾರ, ಹುಡುಗ ಭಾಳ ಸಿಟ್ಟಿನಾವ ಏನ್ರಿ?"

ಬಂದ ಕಾರಣ ಬಿಡಿಸಿ ಹೇಳಿದೆ. ಒಳಗ ಕುದ್ಯಾಕಿಟ್ಟ ಚಾ ಹೊರಗ ಬರಲೇ ಇಲ್ಲ.

ನರಗುಂದದ ಪೈಲ್ವಾನ

ಹುಡುಗ್ಯಾರು ಸಿಗಲಿಲ್ಲ, ಗಂಡಸರರ ಬರ್ಲಿ ಅಂತ ನರಗುಂದದ ಪೈಲ್ವಾನ ಒಬ್ಬನ್ನ ಇಟ್ಕೊಂಡ್ವಿ. ಆಳು ಬಾಗಲಾ ತುಂಬತಿದ್ದ. ಮದಲನೇ ದಿನಾನ ಕೊಡಲಿ ಬಡದು ಕಾಲು ಸೀಳಿದಾವ ಬಂದ. "ಪೈಲ್ವಾನ, ಕಾಲು ಹಿಡಿ" ಅಂದೆ. ಅವ ರಕ್ತಾ ನೋಡಿದ, ನನ್ನ ನೋಡಿದ, ಧಪ್ ಅಂತ ಮಂಚದ ಮ್ಯಾಲೆ ಬಿದ್ದ. ನಾ ನೀರು ತಂದು ನೋಡ್ತೀನಿ, ಕಾಲು ಸೀಳಿದಾವ ಒಂಟಿಗಾಲಿಲೆ ನಿಂತು ಪೈಲ್ವಾನಗ ರುಮಾಲ್ಲೆ ಗಾಳಿ ಬೀಸಾಕತ್ತಾನ!

"ಮದಲ ಇವನ್ನ ನೋಡ್ರಿ ಬಾಯಾರ, ನಂದೇನ್ ಅವಸರಿಲ್ಲ" ಅಂದ.

ತಾಳಿ ಹಿಡದ ಹೊತ್ತಿಗೆ

ಮೂರನೇ ಸಲಾ ಮುಹೂರ್ತ ಇಡೂ ಮುಂದ ಮಾಸ್ತರು ಕಡ್ಡಿ ಮುರದಂಗ ಹೇಳಿದ್ರು, "ಈ ಸಲಾ ತಪ್ಪಿದ್ರ ನಮ್ಮವ್ವ ಬ್ಯಾರೆ ಹುಡುಗೀನ ನೋಡ್ತಾಳ." ಮಾಸ್ತರು ಭಾಳ ಮನಸಿಗೆ ಬಂದಿದ್ರು, ಸುಳ್ಳ ಯಾಕ ಹೇಳ್ಲಿ? ಡಾಕ್ಟರಿಗೆ ಕೈ ಮುಗದು ಕೂತೆ. "ದವಾಖಾನಿ ಎದುರಿನ ಗುಡ್ಯಾಗ ಇಟ್ಕೋರಿ. ಒಂದು ಹೊತ್ತು ರಜಾ" ಅಂದ್ರು. ಉಪಕಾರ ನೋಡ್ರಿ!

ಬಾಸಿಂಗ ಕಟ್ಕೊಂಡು ಕೂತಿದ್ದೆ. ಮಾಸ್ತರು ತಾಳಿ ಕೈಯಾಗ ಹಿಡದಿದ್ರು. ಅಷ್ಟರಾಗ ಗುಡಿ ಮುಂದ ಒಂದು ಚಕ್ಕಡಿ ಬಂದು ನಿಂತು, ಅದರಾಗಿಂದ ಅಬ್ಬಿಗೇರಿ ಅಮ್ಮ ಇಳದ್ಲು. ಚಕ್ಕಡ್ಯಾಗ ಮಲಗಿದ್ದ ಸೊಸಿಗೆ ಬ್ಯಾನಿ ಹತ್ತಿತ್ತು, ಕೂಸಿನ ಕಾಲು ಮುಂದಾಗಿತ್ತು, ಊರಿನ ಸೂಲಗಿತ್ತಿ ತನ್ನ ಕೈಲಾಗೂದಿಲ್ಲ ಅಂದಿದ್ಲು.

ಅಮ್ಮ ಸೀದಾ ಬಂದು ನನ್ನ ಸೆರಗು ಜಗ್ಗಿದ್ಲು. "ಏಳ ಯವ್ವಾ, ತಾಳಿ ಎಲ್ಲಿ ಓಡಿ ಹೋಗತೈತಿ!"

"ತಾಳಿ ಓಡೂದಿಲ್ಲ ಅಮ್ಮಾ, ಕಟ್ಟೋವ್ರು ಓಡ್ತಾರ! ನಾ ಯಾವ ಪೈಕಿ ಅಂತ ಈಗ ಕೇಳೂದಿಲ್ಲೇನು?"

"ನೀ ದೇವ್ರ ಪೈಕಿ, ಏಳವ್ವಾ!"

ಮಾಸ್ತರ ಮಾರಿ ನೋಡಿದೆ. ಅವರು ತಾಳಿ ತಟ್ಟಿಯಾಗಿಟ್ಟು, "ಹೋಗಿ ಬಾ, ನಾ ಇಲ್ಲೇ ಕೂತಿರ್ತೀನಿ" ಅಂದ್ರು. ನನಗ ಕಣ್ಣಾಗ ನೀರ ಬಂತು. ಬಾಸಿಂಗ ಕಟ್ಕೊಂಡ ದವಾಖಾನಿಗೆ ಓಡಿದೆ. ಡಾಕ್ಟರು, ನಾನು ಕೂಡಿ ಹೆಣಗಾಡಿ ತಾಯಿ ಕೂಸು ಇಬ್ಬರನ್ನೂ ಉಳಿಸಿದ್ವಿ. ಹೆಣ್ಣು ಕೂಸು. ಅಷ್ಟರಾಗ ಮುಹೂರ್ತ ದಾಟಿತ್ತು. ಭಟ್ಟರು ಬಯ್ಕೋತ ಸಂಜಿಗೆ ಗೋಧೂಳಿ ಮುಹೂರ್ತ ಹಿಡದ್ರು. ಮಾಸ್ತರು ಕೂತಲ್ಲೇ ಕೂತಿದ್ರು. ಅಂತೂ ತಾಳಿ ಬಿತ್ತು.

ಅಬ್ಬಿಗೇರಿ ಅಮ್ಮ ಎಲ್ಲಾರಕಿಂತ ಮದಲ ಅಕ್ಷತಿ ಹಾಕಿ, ನನ್ನ ಗದ್ದಾ ಹಿಡದು, ಮಂದಿಗೆಲ್ಲಾ ಕೇಳೂ ಹಂಗ ಹೇಳಿದ್ಲು:

"ನೀ ನರ್ಸ್ ಮಾಡಾಕ ನಮ್ಮ ಮನಿ ಹುಡುಗೀನ ಕೇಳಿದ್ದಿಲ್ಲೇನು? ಇವತ್ತು ಹುಟ್ಟಿದಾಕಿನ್ನ ನಿನಗ ಕೊಟ್ಟೆ, ಮುಲ್ಕಿ ಪಾಸಾದ ಕೂಡ್ಲೇ ಕಳಸ್ತೀನಿ. ಅಲ್ಲೀತನಾ ನೀ ಒಬ್ಬಾಕಿನ ಸ್ವಲ್ಪ ಸುಧಾರಿಸ್ಕೋ ಯವ್ವಾ."