ಕೆಟ್ಟ ಡ್ರೈವರಿನ ಉಪಕಾರ

ಒಬ್ಬನೇ ಇರುವ ಮನುಷ್ಯನ ಮನೆಯಲ್ಲಿ ಸರಿಯಾಗಿ ಕೆಲಸ ಮಾಡದ ವಸ್ತು ಒಂದಾದರೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ‘ಹೇಗಿದ್ದೀರಿ’ ಎಂದು ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಅದೇ ‘ನಿಮ್ಮ ಗೀಸರ್ ರಿಪೇರಿ ಆಯಿತೇ’ ಎಂದು ಕೇಳಿದವರು ನಿಂತು, ಪೂರ್ತಿ ಕೇಳಿ, ತಮ್ಮ ಗೀಸರಿನ ಕಥೆಯನ್ನೂ ಹೇಳಿ ಹೋಗುತ್ತಾರೆ. ದುರದೃಷ್ಟಕ್ಕೆ ಪುಣೆಯ ಕೋಥರೂಡದ ನನ್ನ ಸಣ್ಣ ಫ್ಲ್ಯಾಟಿನಲ್ಲಿ ಎಲ್ಲವೂ ಸರಿಯಾಗಿತ್ತು. ನನಗೆ ಮದುವೆಯಾಗಲಿಲ್ಲ. ಯಾಕೆಂದು ಈಗ ಕೇಳಬೇಡಿ, ಆಗಲೂ ಯಾರೂ ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಕೆಲಸಗಾರರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಒಬ್ಬನ ಕಾರ್ಡನ್ನು ಇನ್ನೊಬ್ಬ ಪಂಚ್ ಮಾಡಿದನೇ ಎಂದು ಹಿಡಿಯುವುದು ನನ್ನ ಕೆಲಸ. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ನಾನು ಎಷ್ಟು ಹೊತ್ತಿಗೆ ಬಂದೆ, ಹೋದೆ ಎಂದು ನೋಡುವವರು ಯಾರೂ ಇರಲಿಲ್ಲ. ಕೆಲವು ದಿನ ನಾನು ಆಡಿದ ಒಟ್ಟು ಮಾತು ಹಾಲಿನವನಿಗೆ ಹೇಳಿದ ‘ಅರ್ಧಾ ಲಿಟರ್’ ಅಷ್ಟೇ ಆಗಿರುತ್ತಿತ್ತು, ಅದೂ ಮರಾಠಿಯಲ್ಲಿ.

ಹೊತ್ತು ಹೋಗಲೆಂದು ಒಂದು ಕಂಪ್ಯೂಟರ್ ಕೊಂಡೆ. ಅಂಗಡಿಯವನು ಪರದೆಯ ಮೇಲೆ ಚಿತ್ರ ಮೂಡಿಸುವ ಭಾರೀ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಹಾಕಿಕೊಟ್ಟ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಿಂದ ವಿಂಡೋಸಿನ ಬದಲು ನಾನೇ ಲಿನಕ್ಸ್ ಹಾಕಿಕೊಂಡೆ. ಪುಕ್ಕಟೆ ಎಂದರೆ ನನಗೆ ಮೊದಲಿನಿಂದಲೂ ಧೈರ್ಯ ಜಾಸ್ತಿ. ಚದುರಂಗ ಆಡೋಣವೆಂದು ಕೂತರೆ ಪರದೆಯ ಮೇಲಿನ ಆನೆ ಒಂದು ಮನೆ ಸರಿಯುವಷ್ಟರಲ್ಲಿ ನನ್ನ ಚಹಾ ಆರುತ್ತಿತ್ತು. ದೋಷ ಡ್ರೈವರಿನದು ಎಂದು ತಿಳಿಯಲು ವಾರ ಹಿಡಿಯಿತು. ಡ್ರೈವರ್ ಎಂದರೆ ಬಸ್ಸಿನವನಲ್ಲ. ಕಾರ್ಡಿನ ಮಾತನ್ನು ಕಂಪ್ಯೂಟರಿಗೆ, ಕಂಪ್ಯೂಟರಿನ ಮಾತನ್ನು ಕಾರ್ಡಿಗೆ ದಾಟಿಸುವ ದುಭಾಷಿ. ನನ್ನ ದುಭಾಷಿ ತೊದಲುತ್ತಿದ್ದ. ಇದನ್ನು ಪರೀಕ್ಷಿಸಲು ಲಿನಕ್ಸಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಉಂಟು. ಪರದೆಯ ಮೇಲೆ ಮೂರು ಹಲ್ಲುಗಾಲಿಗಳು ತಿರುಗುತ್ತವೆ. ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ ಬರೆಯಿತು ಎಂಬ ಅಂಕಿ ಪಕ್ಕದಲ್ಲಿ ಬರುತ್ತದೆ. ಒಳ್ಳೆಯ ಕಾರ್ಡಿಗೆ ಸಾವಿರ, ಎರಡು ಸಾವಿರ ಬರಬೇಕಂತೆ. ನನ್ನದು ನೂರ ಎಂಬತ್ತು.

ಒಂದು ಸಂಜೆ ಬಾಗಿಲು ತೆರೆದಿಟ್ಟು ಕೂತಿದ್ದಾಗ ಯಂತ್ರ ಗಕ್ಕನೆ ನಿಂತಿತು. ನಾನು ಧಾರವಾಡದ ಕಡೆಯ ಶುದ್ಧ ಬೈಗುಳವೊಂದನ್ನು ಗಟ್ಟಿಯಾಗಿ ಒದರಿದೆ. ಮೆಟ್ಟಿಲಿಳಿಯುತ್ತಿದ್ದ ಚಪ್ಪಲಿಯ ಸದ್ದು ನಿಂತಿತು. ಮೇಲಿನ ಮಹಡಿಯ ಜೋಶಿ ಮಾಸ್ತರರು, ಗಣಿತ ಕಲಿಸಿ ನಿವೃತ್ತರಾದವರು, ಬಾಗಿಲಲ್ಲಿ ಇಣುಕಿದರು.

“ನೀವು ಕನ್ನಡದವರೇನ್ರಿ?”

“ಹೌದ್ರಿ. ನೀವು?”

“ನಾವು ಬೆಳಗಾಂವ ಕಡೆಯವರ್ರಿ.”

ಆರು ವರ್ಷ ಅದೇ ಮೆಟ್ಟಿಲಿನ ಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ಮರಾಠಿಯಲ್ಲಿ ನೀರಿನ ಟ್ಯಾಂಕಿನ ವಿಷಯ ಮಾತಾಡಿದ್ದೆವು. ನನ್ನ ಮರಾಠಿಯನ್ನು ಅವರೂ ಅವರದನ್ನು ನಾನೂ ಅಸಲಿ ಪುಣೇರಿ ಎಂದೇ ನಂಬಿ ಹೆದರಿಕೊಂಡಿದ್ದೆವು.

ಆ ದಿನದಿಂದ ಮಾಸ್ತರರು ಸಂಜೆ ತಿರುಗಾಡಲು ಹೊರಟಾಗ ನನ್ನ ಬಾಗಿಲಲ್ಲಿ ನಿಂತು “ಇವತ್ತ ಎಷ್ಟ್ರಿ?” ಎಂದು ಕೇಳತೊಡಗಿದರು. ನಾನು ಹಲ್ಲುಗಾಲಿಯ ಅಂಕಿ ಹೇಳುತ್ತಿದ್ದೆ. ಗಣಿತದವರಲ್ಲವೇ, ಎರಡನೆಯ ವಾರಕ್ಕೆ ಗ್ರಾಫ್ ಹಾಳೆ ತಂದರು. ಕುರ್ಚಿಯಲ್ಲಿ ಕೂತು, ಪೆನ್ಸಿಲ್ ಮೊನೆ ನೋಡಿ, ದಿನಕ್ಕೊಂದು ಚುಕ್ಕಿ ಇಡುವರು. ಚುಕ್ಕಿಗೆ ಒಂದು ನಿಮಿಷ ಸಾಕು, ಅದರ ನೆಪದಲ್ಲಿ ಅರ್ಧ ಗಂಟೆ ಮಾತು. ಅವರ ಮೊಣಕಾಲು, ನನ್ನ ಕಾರ್ಖಾನೆ, ಪುಣೆಯಲ್ಲಿ ಸಿಗದ ಜೋಳದ ರೊಟ್ಟಿಯ ಮೃದುತ್ವ. ನಾನು ಮಧ್ಯಾಹ್ನ ಮೂರಕ್ಕೇ ಎರಡನೆಯ ಕಪ್ಪು ತೊಳೆದಿಡುತ್ತಿದ್ದೆ.

ನಲವತ್ತನೆಯ ದಿನ ಅನಾಹುತವಾಯಿತು. ಕಾರ್ಡು ಸರಿಹೋಯಿತು. ಹೊಸ ಡ್ರೈವರನ್ನು ಇಂಟರ್ನೆಟ್ಟಿನಿಂದ ಎಂದೋ ಇಳಿಸಿಕೊಂಡಿದ್ದೆ, ಆದರೆ ಸೆಟ್ಟಿಂಗಿನ ಫೈಲಿನಲ್ಲಿ ಹಳೆಯದರ ಹೆಸರೇ ಉಳಿದಿತ್ತು. ಆ ಒಂದು ಪದ ಬದಲಿಸಿದೆ. ಹಲ್ಲುಗಾಲಿಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿದವು, ಸಾವಿರದ ಒಂಬೈನೂರು. ಕುಣಿಯಬೇಕಾದವನು ಕುರ್ಚಿಯ ಮೇಲೆ ಕುಸಿದೆ. ರೋಗ ವಾಸಿಯಾದವನನ್ನು ನೋಡಲು ಯಾರು ಬರುತ್ತಾರೆ?

ಸಂಜೆ ಮಾಸ್ತರರು ಕೇಳಿದಾಗ “ನೂರ ತೊಂಬತ್ತರಿ” ಎಂದೆ. ಮರುದಿನ ಇನ್ನೂರು. ದಿನಕ್ಕೆ ಐದೋ ಹತ್ತೋ ಏರಿಸುತ್ತ, ನಂಬಿಕೆ ಬರಲೆಂದು ನಡುವೆ ಒಮ್ಮೆ ಇಳಿಸಿಯೂ ಮೂರು ವಾರದಲ್ಲಿ ಮುನ್ನೂರ ಹತ್ತಕ್ಕೆ ತಂದೆ. “ದಡ್ಡ ಹುಡುಗ ಮನಸ್ಸಿಟ್ಟು ಓದ್ಲಿಕ್ಕೆ ಸುರು ಮಾಡ್ಯಾನ” ಎಂದು ಮಾಸ್ತರರು ಗ್ರಾಫನ್ನು ಪ್ರೀತಿಯಿಂದ ನೋಡಿದರು. ನಾನು ಅವರ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದೆ. ನಿಜ ಹೇಳಲಿಲ್ಲ.

ಪಾಪ, ಅವರಿಗೆ ನನ್ನ ಕಷ್ಟ ನೋಡಲಾಗಲಿಲ್ಲ. ಕಂಪ್ಯೂಟರಿನ ಕೆಲಸದಲ್ಲಿದ್ದ ತಮ್ಮ ತಂಗಿಯ ಮಗ ಪ್ರಸನ್ನನನ್ನು ಭಾನುವಾರ ಕರೆಸುತ್ತೇನೆಂದರು. ಬೇಡವೆಂದಷ್ಟೂ ನನ್ನ ಸಂಕೋಚ ಎಂದುಕೊಂಡರು. ಭಾನುವಾರ ಬೆಳಗ್ಗೆ ನಾನು ಕಾರ್ಡನ್ನು ಕೆಡಿಸಲು ಕೂತೆ. ಹಳೆಯ ಪದ ಹಾಕಿದರೆ ಮತ್ತೆ ನೂರ ಎಂಬತ್ತು. ಆದರೆ ಗ್ರಾಫಿನಲ್ಲಿ ಮುನ್ನೂರ ಹತ್ತಿತ್ತಲ್ಲ! ಸುಳ್ಳು ಸರಿಯಾಗಿ ತಾಳೆಯಾಗಬೇಕೆಂದು ಇನ್ನೂ ಎರಡು ಮೂರು ಕಡೆ ಕೈಯಾಡಿಸಿದೆ. ಪರದೆ ಪೂರ್ತಿ ಕಪ್ಪಾಯಿತು.

ಪ್ರಸನ್ನ ಬಂದು ಎರಡು ಮೂರು ಕೀಲಿ ಒತ್ತಿ ಕಪ್ಪಿನ ಮೇಲೆ ಬಿಳಿ ಅಕ್ಷರ ಬರಿಸಿದ. ಲಿನಕ್ಸ್ ತಾನು ಮಾಡಿದ್ದನ್ನೆಲ್ಲ ದಿನಾಂಕ, ಗಂಟೆ, ನಿಮಿಷದ ಸಮೇತ ಬರೆದಿಡುತ್ತದೆ ಎಂದು ನನಗೆ ಆಗ ತಿಳಿಯಿತು. ಅವನು ಓದಿ ನಕ್ಕ.

“ಕಾಕಾ, ಇದು ಮೂರು ವಾರದ ಹಿಂದನ ಸರಿ ಆಗೇದ. ಇವತ್ತ ಮುಂಜಾನೆ ಎಂಟೂವರಿಗೆ ಯಾರೋ ಕೈಯಾರೆ ಕೆಡಿಸ್ಯಾರ.”

“ಮಷೀನ್ ತಪ್ಪು ತೋರಸ್ತಿರಬೇಕಪಾ” ಎಂದೆ. ಇಪ್ಪತ್ತೆಂಟು ವರ್ಷ ನನ್ನ ಕೈಗೆ ಸಿಕ್ಕಿಬಿದ್ದವರೆಲ್ಲ ಇದೇ ಮಾತು ಹೇಳಿದ್ದರು. ಒಬ್ಬನನ್ನೂ ನಾನು ನಂಬಿರಲಿಲ್ಲ. ಮಾಸ್ತರರು ಗ್ರಾಫ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಸೋಮವಾರ ಸಂಜೆ ಚಪ್ಪಲಿ ಸದ್ದು ನಿಲ್ಲದೆ ಇಳಿದುಹೋಯಿತು. ಮಂಗಳವಾರವೂ. ಅಷ್ಟು ವರ್ಷ ಒಬ್ಬನೇ ಇದ್ದವನಿಗೆ ಆ ಎರಡು ಸಂಜೆ ಕಳೆಯುವುದು ಹೇಗೆಂದು ತಿಳಿಯಲಿಲ್ಲ. ಬುಧವಾರ ತಡೆಯಲಾಗದೆ, ಅವರು ಇಳಿಯುವುದಕ್ಕೆ ಮುಂಚೆಯೇ ನಾನು ಮೇಲಕ್ಕೆ ಹತ್ತಿದೆ. ಅವರ ಬಾಗಿಲನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಗಂಟೆ ಒತ್ತಿದೆ.

ಬಾಗಿಲು ತೆರೆದು ಅವರು ನನ್ನನ್ನು ಒಂದು ಕ್ಷಣ ನೋಡಿದರು. “ಏನರೆ ಕೆಟ್ಟದೇನ್ರಿ?”

“ಇಲ್ಲರಿ. ಏನೂ ಕೆಟ್ಟಿಲ್ಲ. ತಪ್ಪಾತು ನಂದು.” ಹೊಸ್ತಿಲಲ್ಲೇ ಚಪ್ಪಲಿ ಬಿಡುತ್ತ, “ಸುಮ್ಮ ಬಂದೆ” ಎಂದೆ.

“ಸುಮ್ಮ ಬರ್ಲಿಕ್ಕೆ ಆರು ವರ್ಷ ಹಿಡೀತಲ್ರಿ ನಿಮಗ” ಎಂದು ಮಾಸ್ತರರು ಕುರ್ಚಿಯ ಮೇಲಿನ ಪೇಪರ್ ತೆಗೆದರು.

ಎರಡು ತಿಂಗಳು ಕಾರ್ಡಿನ ವೇಗ ಅಳೆಯುತ್ತ ಕೂತಿದ್ದವನು ನಾನು. ನನ್ನ ವೇಗವನ್ನು ಅವರು ನಿಂತ ನಿಲುವಿನಲ್ಲೇ ಅಳೆದಿದ್ದರು, ಅದೂ ಗ್ರಾಫ್ ಹಾಳೆಯ ಸಹಾಯವಿಲ್ಲದೆ.