ಆಟ ಆಡಿಸಿ ಪಾಠ ಹೇಳಿದ ವರ್ಷ

ಸುಮ್ಮನೆ ಪಾಠ ಹೇಳಿದರೆ ಏನೂ ಆಗುವುದಿಲ್ಲ. ಆಟ ಆಡಿಸಿ ಹೇಳಲು ಹೋದರೆ ದಿನಕ್ಕೊಂದು ಆಗುತ್ತದೆ.

ಐವತ್ತರ ದಶಕದ ಕೊನೆ. ಟ್ರೇನಿಂಗ್ ಮುಗಿಸಿ ದಾವಣಗೆರೆಯ ಒಂದು ಪ್ರೈಮರಿ ಶಾಲೆಗೆ ಸೇರಿದ್ದೆ. ಆಟದಿಂದಲೇ ಪಾಠ ಹೇಳುತ್ತೇನೆ ಎಂದೆ. ಹೆಡ್ ಮೇಷ್ಟ್ರು ಕನ್ನಡಕ ತೆಗೆದರು.

"ಆಡಿಸ್ರಿ. ವರ್ಷದ ಕೊನಿಗೆ ಇನ್‌ಸ್ಪೆಕ್ಟ್ರು ಬರ್ತಾರೆ. ಚಲೋ ಬರೆದ್ರೆ ನೌಕರಿ ಖಾಯಂ. ಇಲ್ಲಾಂದ್ರೆ ನಿಮ್ಮೂರು ಮಾಯಕೊಂಡಕ್ಕೆ ಹೋಗಿ ಹೊಲ ಮಾಡ್ರಿ."

ಮಾಯಕೊಂಡದಲ್ಲಿ ನಮಗೆ ಹೊಲ ಇರಲಿಲ್ಲ.

ಮಗ್ಗಿ ಖೋ-ಖೋ

ಖೋ ಕೊಟ್ಟಾಗ ಕೂತವನು ಮಗ್ಗಿಯ ಮುಂದಿನ ಲೆಕ್ಕ ಹೇಳಿಯೇ ಏಳಬೇಕು. ಇದು ನನ್ನ ನಿಯಮ. ಏಳರ ಮಗ್ಗಿ ನಲವತ್ತೊಂಬತ್ತರವರೆಗೆ ಓಡಿತು. ಮುಂದಿನವನು ಕೂತೇ ಇದ್ದ. ಆಕಾಶ ನೋಡಿದ. ಬೆರಳು ಎಣಿಸಿದ. ತಪ್ಪಿಸಿಕೊಳ್ಳಬೇಕಾದ ಎದುರು ಪಾರ್ಟಿಯ ಹುಡುಗ ಅವನ ಮುಂದೆಯೇ ಬಂದು ನಿಂತ.

"ಐವತ್ತಾರು ಕಣಲೇ! ಏಳು, ನಿಂತು ನಿಂತು ಕಾಲು ನೋಯ್ತಾವೆ."

ಇವನು "ಐವತ್ತಾರು" ಅಂದು ಎದ್ದು, ಹೇಳಿಕೊಟ್ಟವನನ್ನೇ ಮುಟ್ಟಿ ಔಟ್ ಮಾಡಿದ.

"ನೋಡಿದ್ರಾ ಸಾರ್, ಸಹಕಾರ!" ಎಂದೆ ನಾನು, ಬಯಲಿನ ಅಂಚಿನಲ್ಲಿ ನಿಂತು ನೋಡುತ್ತಿದ್ದ ಹೆಡ್ ಮೇಷ್ಟ್ರಿಗೆ.

ಅವರು ಹೇಳಿದರು: "ಬಯಲಿನಾಗೆ ಹೇಳಿಕೊಟ್ರೆ ಸಹಕಾರ, ಪರೀಕ್ಷೆಯಾಗೆ ಹೇಳಿಕೊಟ್ರೆ ಕಾಪಿ. ಯಾವಾಗ ಯಾವ್ದು ಅಂತ ಹುಡುಗ್ರಿಗೂ ಹೇಳಿಬಿಡ್ರಿ."

ಶೇಂಗಾ ಮಂಡಿ

ತೂಕ ಕಲಿಸಲು ಅಂಗಡಿ ಆಟ. ಒಂದು ಬುಟ್ಟಿ ಶೇಂಗಾ, ತಕ್ಕಡಿ, ತೂಕದ ಬಟ್ಟು ತಂದಿಟ್ಟೆ. ದರವನ್ನು ಜೋರಾಗಿ ಹೇಳಿ ವ್ಯಾಪಾರ ಮಾಡಿ ಎಂದೆ. ತರಗತಿಯಲ್ಲಿ ಅರ್ಧ ಹುಡುಗರು ಮಂಡಿ ದಲ್ಲಾಳಿಗಳ ಮನೆಯವರು. ಅವರು ತಮ್ಮಪ್ಪಂದಿರು ಮಾಡಿದಂತೆಯೇ ಮಾಡಿದರು. ಕೈ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು, ಮಾತಿಲ್ಲದೆ ದರ ಕುದುರಿಸತೊಡಗಿದರು. ನಲವತ್ತು ಹುಡುಗರು, ಒಂದು ಸದ್ದಿಲ್ಲ. ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತು ಮೆಚ್ಚಿದರು.

"ಇವತ್ತೊಂದಿನ ಚಲೋ ಪಾಠ ಮಾಡಿದ್ರಿ ನೋಡ್ರಿ."

ಅವರು ಹೋದ ಮೇಲೆ ತೂಗಲು ಹೋದರೆ ಬುಟ್ಟಿ ಖಾಲಿ.

"ಶೇಂಗಾ ಎಲ್ಲಿ ಹೋದ್ವಲೇ?"

"ಸ್ಯಾಂಪಲ್ ನೋಡಿದ್ವಿ ಸಾರ್. ಮಾಲು ಚಲೋ ಐತೆ. ನಾಳೆ ಇನ್ನೊಂದು ಬುಟ್ಟಿ ತರ್ರಿ, ದರ ಮುಗಿಸ್ತೀವಿ."

ಹರಿಹರದ ಹೊಳೆ

ಭೂಗೋಳಕ್ಕೆ ಹುಡುಗರನ್ನು ರೈಲಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೋದೆ. ಹೊಳೆದಂಡೆಯ ಮರಳಲ್ಲಿ ಒಂದು ಗುಂಪು ತುಂಗೆ ತೋಡಬೇಕು, ಇನ್ನೊಂದು ಗುಂಪು ಭದ್ರೆ. ಎರಡೂ ಕೂಡಿ ತುಂಗಭದ್ರೆ ಆಗಬೇಕು. ಎರಡು ಕಾಲುವೆಗಳೂ ಒಂದು ಮೊಳ ದೂರದಲ್ಲಿ ಅಕ್ಕಪಕ್ಕ ಹಾದು ಮುಂದೆ ಹೋದವು.

"ಅವರು ತಿರುಗಿಸ್ಲಿ ಸಾರ್."

"ನಾವ್ಯಾಕ? ಅವರು ತಿರುಗಿಸ್ಲಿ."

ನಾನು ಎರಡೂ ಗುಂಪಿನ ಮುಖಂಡರನ್ನು ಕರೆದು ಮಾತುಕತೆಗೆ ಕೂರಿಸಿದೆ. ಒಂದು ತಾಸು ಹೋಯಿತು. ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ ಎದ್ದು ಬಂದಳು. ಹಿಮ್ಮಡಿಯಿಂದ ಮರಳು ಕೆದರಿ ಎರಡನ್ನೂ ಕೂಡಿಸಿದಳು.

"ದೇವ್ರು ಹೊಳಿ ಕೂಡಿಸುವಾಗ ಇಷ್ಟು ಮೀಟಿಂಗ್ ಮಾಡಿದ್ನೇನ್ರಿ ಮೇಷ್ಟ್ರೇ?"

ಇನ್‌ಸ್ಪೆಕ್ಟರ್ ಬಂದರು

ಅಷ್ಟರಲ್ಲಿ ಹೊಸ ಪದ್ಧತಿ ತಂದಿದ್ದೆ. ತರಗತಿಯಲ್ಲಿ ಆರು ಗುಂಪು. ಯಾರೂ ಒಬ್ಬರೇ ಉತ್ತರ ಹೇಳುವಂತಿಲ್ಲ. ಗುಂಪು ಚರ್ಚಿಸಬೇಕು, ಒಪ್ಪಬೇಕು, ಮುಖಂಡ ಹೇಳಬೇಕು.

ಇನ್‌ಸ್ಪೆಕ್ಟರ್ ಮುಂದಿನ ಸಾಲಿನ ಹುಡುಗನನ್ನು ಎಬ್ಬಿಸಿದರು. "ನಿನ್ನ ಹೆಸರೇನಪ್ಪ?"

ಹುಡುಗ ಹಿಂದೆ ತಿರುಗಿದ. ಗುಂಪು ತಲೆ ಕೂಡಿಸಿತು. ಪಿಸುಪಿಸು ನಡೆಯಿತು. ಮುಖಂಡ ಎದ್ದ.

"ಇವನು ಬಸವರಾಜ ಸಾರ್. ಎಲ್ರೂ ಒಪ್ಪಿದ್ದಾರೆ."

ಹೆಡ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರ್ ನನ್ನನ್ನೇ ನೋಡಿದರು. ಮತ್ತೆ ತರಗತಿಯ ಕಡೆ ತಿರುಗಿದರು.

"ಹಂಗಾದ್ರೆ ಇದನ್ನೂ ನೀವೇ ಹೇಳಿಬಿಡ್ರಿ. ಈ ಮೇಷ್ಟ್ರು ಇರಬೇಕೋ, ಹೋಗಬೇಕೋ?"

ಆರು ಗುಂಪುಗಳೂ ಚರ್ಚೆಗೆ ಕೂತವು. ನನ್ನ ಅಂಗಿ ಬೆನ್ನಿಗೆ ಅಂಟಿತು. ಐದು ನಿಮಿಷ, ಹತ್ತು ನಿಮಿಷ. ಇನ್‌ಸ್ಪೆಕ್ಟರಿಗೆ ರೈಲಿನ ಹೊತ್ತಾಯಿತು.

"ಏನಾತ್ರಪ್ಪ?"

"ಇನ್ನೂ ತೀರ್ಮಾನ ಆಗಿಲ್ಲ ಸಾರ್. ನಾಳೆ ಬರ್ರಿ."

ಅವರು ಹೊಟ್ಟೆ ಹಿಡಿದು ನಕ್ಕರು. ನಿಂತಲ್ಲೇ ಬರೆದರು: "ಮಕ್ಕಳು ಯೋಚಿಸಿ ಮಾತನಾಡುತ್ತಾರೆ. ಶಿಕ್ಷಕರನ್ನು ಖಾಯಂ ಮಾಡಬಹುದು." ಜಟಕಾ ಹತ್ತಿ ಹೋದರು.

ನಾನು ಕುರ್ಚಿಯಲ್ಲಿ ಕೂತೆ. ಬಸವರಾಜನ ಗುಂಪಿನ ಮುಖಂಡ ಬಂದು ಕೈಕಟ್ಟಿ ನಿಂತ.

"ಸಾರ್, ತೀರ್ಮಾನ ಆತು. ನಾಲ್ಕು ಗುಂಪು ನೀವು ಹೋಗ್ಬೇಕು ಅಂದ್ವು."

"ಯಾಕಲೇ?"

"ಬ್ಯಾರೆ ಮೇಷ್ಟ್ರ ಪಾಠದಾಗೆ ನಿದ್ದಿ ಮಾಡಬಹುದು ಸಾರ್. ನಿಮ್ಮದ್ರಾಗೆ ಒಂದಿನನೂ ಆಗಿಲ್ಲ."